ಕೋಪರಿ ಖಾಡಿಯಲ್ಲಿ ತಲೆಯೆಣಿಕೆ

ಸೊಲ್ಲಾಪುರದಾಚೆ

ಮನುಷ್ಯನು ತನ್ನ ಗಡಿಯನ್ನು ದಾಟಿದಾಗಲೇ ತನ್ನನ್ನು ತಾನು ಅರಿಯುತ್ತಾನೆ. ನಾನು ರೈಲಿನಲ್ಲಿ ಸೊಲ್ಲಾಪುರ ದಾಟಿದಾಗ ಅರಿತದ್ದು, ನನ್ನ ಕಟ್ಟಿಸಿದ ಹಲ್ಲಿನ ಡಬ್ಬಿ ಬಾಗಲಕೋಟೆಯ ಬಚ್ಚಲ ಕಿಟಕಿಯಲ್ಲೇ ಉಳಿದಿದೆ ಎಂಬುದನ್ನು.

ಡೊಂಬಿವಲಿಗೆ ಹೋಗಿಬಂದದ್ದನ್ನು ವಿದೇಶ ಪ್ರವಾಸ ಎಂದು ಕರೆದದ್ದಕ್ಕೆ ನಮ್ಮೂರಲ್ಲಿ ಈಗಾಗಲೇ ಇಬ್ಬರು ನಕ್ಕಿದ್ದಾರೆ. ನಗಲಿ. ಪಾಸ್‌ಪೋರ್ಟ್ ಕೇಳುವ ಜಾಗ ಮಾತ್ರ ವಿದೇಶ ಎಂಬುದು ವಿಮಾನ ಕಂಪನಿಗಳ ಅಭಿಪ್ರಾಯ. ಮೂರು ತಲೆಮಾರಿನ ಹುಡುಗರಿಗೆ ಸಾಮ್ರಾಜ್ಯಗಳ ಗಡಿ ಕಲಿಸಿ ನಿವೃತ್ತನಾದ ಇತಿಹಾಸದ ಮಾಸ್ತರ ನಾನು. ನನ್ನ ವ್ಯಾಖ್ಯೆ ಬೇರೆ. ಎಲ್ಲಿ ಚಹದ ಗ್ಲಾಸು ಅರ್ಧಕ್ಕಿಳಿಯುತ್ತದೋ, ಎಲ್ಲಿ ರೊಟ್ಟಿಗೆ ಭಾಕರಿ ಎನ್ನುತ್ತಾರೋ, ಎಲ್ಲಿ ನೀವು “ಸ್ವಲ್ಪ ಸರೀರಿ” ಎನ್ನುವ ಮುಂಚೆ ಜನ ನಿಮ್ಮನ್ನೇ ಸರಿಸಿ ಮುಂದೆ ಹೋಗಿರುತ್ತಾರೋ, ಅದು ವಿದೇಶ.

ಕಲ್ಯಾಣದಲ್ಲಿ ಇಳಿದಾಗ ನನ್ನ ಭಾವ ಹಣಮಂತರಾಯರು, ಅಂದರೆ ಅಕ್ಕನ ಯಜಮಾನರು, ಪ್ಲಾಟ್‌ಫಾರ್ಮಿನ ಮೇಲೆ ಕೊರಳಿಗೆ ದುರ್ಬೀನು ನೇತುಹಾಕಿಕೊಂಡು ನಿಂತಿದ್ದರು. ನಾನು ಎದುರಿಗೆ ಬಂದು ನಿಂತ ಮೇಲೂ ಅದನ್ನು ಕಣ್ಣಿಗೆ ಹಚ್ಚಿ ನೋಡಿ ಖಾತ್ರಿ ಮಾಡಿಕೊಂಡರು.

“ಭಾಳ ಸೊರಗೀಯಲ್ಲೋ ವಸಂತಾ!”

“ದುರ್ಬೀನು ತಿರುವಿ ಹಿಡದೀರಿ, ಭಾವಾ.”

ಹಕ್ಕಿ ಎಣಿಸಲು ನನ್ನನ್ನು ಬಾಗಲಕೋಟೆಯಿಂದ ಕರೆಸಿಕೊಂಡಿದ್ದವರು ಇವರೇ.

ಡೊಂಬಿವಲಿ

ಅಕ್ಕನ ಮನೆ ಮೂರನೇ ಮಾಳಿಗೆಯಲ್ಲಿದೆ. ಅಡುಗೆಮನೆಯ ಕಿಟಕಿ ತೆರೆದರೆ ಎದುರು ಕಟ್ಟಡದ ಅಡುಗೆಮನೆ. ಆ ಮನೆಯ ಹೆಂಗಸು ಒಗ್ಗರಣೆ ಹಾಕಿದರೆ ನಮ್ಮ ಅಕ್ಕ ಸೀನುತ್ತಾಳೆ, ಆಕೆ ಅಲ್ಲಿಂದಲೇ “ಸಾರಿ ಹಂ ಕಮಲಾತಾಯಿ” ಎನ್ನುತ್ತಾಳೆ. ನಮ್ಮಲ್ಲಿ ನೆರೆಹೊರೆಯ ಪ್ರೀತಿಗೆ ಕಟ್ಟೆ ಬೇಕು. ಇಲ್ಲಿ ಒಂದು ಹಿಡಿ ಸಾಸಿವೆ ಸಾಕು.

ಭಾವ ಅಂಬರನಾಥದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವರು. ಜೀವಮಾನವೆಲ್ಲ ನಟ್ಟು, ಬೋಲ್ಟು, ವಾಶರುಗಳನ್ನು ಎಣಿಸಿದರು. ನಿವೃತ್ತಿಯ ಮರುದಿನ ಎಣಿಸಲು ಏನೂ ಉಳಿಯಲಿಲ್ಲ. ಕೆಲವು ದಿನ ಎದುರು ಕಟ್ಟಡದ ಬಾಲ್ಕನಿಗಳಲ್ಲಿ ಒಣಗಿದ ಸೀರೆಗಳನ್ನು ಎಣಿಸಿದರಂತೆ. ಅದು ಅಪಾಯಕ್ಕೆ ತಿರುಗುವ ಮುಂಚೆ ಯಾರೋ ಪುಣ್ಯಾತ್ಮರು ಅವರನ್ನು ಹಕ್ಕಿಗಳ ಕಡೆ ತಿರುಗಿಸಿದರು.

ಠಾಣೆಗೂ ನವಿ ಮುಂಬಯಿಗೂ ನಡುವೆ ಸಮುದ್ರದ ನೀರು ಒಳನುಗ್ಗಿ ಬರುವ ಒಂದು ಹಿನ್ನೀರಿದೆ. ಇಲ್ಲಿಯವರು ಖಾಡಿ ಎನ್ನುತ್ತಾರೆ. ಚಳಿಗಾಲಕ್ಕೆ ಅಲ್ಲಿಗೆ ದೂರದೇಶಗಳಿಂದ ಬಾತು, ಗೊರವ, ರಾಜಹಂಸ ಎಲ್ಲ ಬರುತ್ತವೆ. ಹವ್ಯಾಸಿಗಳ ಒಂದು ಗುಂಪು ವರ್ಷಕ್ಕೊಮ್ಮೆ ಅವುಗಳ ಜನಗಣತಿ ಮಾಡುತ್ತದೆ. ಖಾಡಿಯ ದಂಡೆಯನ್ನು ವಿಭಾಗ ಮಾಡಿ ಹಂಚಿಕೊಂಡಿದ್ದಾರೆ. ಕೋಪರಿಯ ಹಿಂದಿನ ಆರನೇ ವಿಭಾಗ ಭಾವನದು. ಬೇರೆಯವರು ಹೌಸಿಂಗ್ ಸೊಸೈಟಿಯ ಚೇರ್ಮನ್ ಆಗಲು ಹೊಡೆದಾಡುತ್ತಾರೆ. ಭಾವನಿಗೆ ಅಷ್ಟು ಕೆಸರು ಸಾಕಾಗಿತ್ತು.

ಆ ಕೆಸರಿಗೇ ಈಗ ಕುತ್ತು ಬಂದಿತ್ತು. ಹೋದ ವರ್ಷ ಭಾವ ತಮ್ಮ ವಿಭಾಗದಲ್ಲಿ ಮೂರು ಸಾವಿರ ಹಕ್ಕಿ ಬರೆಸಿದ್ದರು. ಪಕ್ಕದ ಐದನೇ ವಿಭಾಗದ ಸುಧಾಕರ ಶೆಟ್ಟರು, ಠಾಣೆಯಲ್ಲಿ ಹೋಟೆಲು ನಡೆಸುವ ತುಳುನಾಡಿನ ಕಡೆಯವರು, ತಮ್ಮ ಬದುವಿನಿಂದ ಕತ್ತು ಚಾಚಿ ನೋಡಿ, ಒಂದೂವರೆ ಸಾವಿರಕ್ಕಿಂತ ಹೆಚ್ಚಿಲ್ಲ ಎಂದುಬಿಟ್ಟರು. ಈ ವರ್ಷ ಗುಂಪಿನ ಹೊಣೆ ಮೃಣಾಲ್ ಎಂಬ ಕಾಲೇಜಿನ ಉಪನ್ಯಾಸಕಿಗೆ ಬಂದಿತ್ತು. ಆಕೆಯ ತೀರ್ಪು: ಆರನೆಯದನ್ನು ಇಬ್ಬರೂ ಎಣಿಸಲಿ, ನಾನೂ ದೂರದಿಂದ ನೋಡುತ್ತೇನೆ, ಯಾರ ಲೆಕ್ಕ ನಿಜಕ್ಕೆ ಹತ್ತಿರವೋ ವಿಭಾಗ ಅವರಿಗೆ.

“ಮಂದಿ ಏನಂತಾರ ಗೊತ್ತೈತೇನು?” ಎಂದರು ಭಾವ, ರೊಟ್ಟಿ ಮುರಿಯುವುದನ್ನು ನಿಲ್ಲಿಸಿ. “ರಾಯರು ಹಕ್ಕಿ ಎಣಿಸೂದಿಲ್ಲ, ಹಡೀತಾರ ಅಂತಾರ.”

ನಾನು ನಗಬಾರದಿತ್ತು.

“ನಗು. ಆರನೇ ವಿಭಾಗ ಹೋತಂದ್ರ ನಾ ಮತ್ತ ಬಾಲ್ಕನ್ಯಾಗ ಕುಂಡ್ರಬೇಕು. ನಿಮ್ಮಕ್ಕನ್ನ ಕೇಳು, ಅಕಿಗಿ ಏನ್ ಹಬ್ಬ ಇರ್ತದ ಅಂತ.”

“ಬ್ಯಾಡಪ್ಪಾ,” ಎಂದಳು ಅಕ್ಕ ಒಲೆಯ ಹತ್ತಿರದಿಂದಲೇ. “ಆ ಕೆಸರು ಅವರಿಗೇ ಇರ್ಲಿ.”

ಭಾವ ದುರ್ಬೀನಿನಲ್ಲಿ ನೋಡಿ ಹೇಳಬೇಕು, ನಾನು ಬರೆದುಕೊಳ್ಳಬೇಕು. ಮುಂಚೆ ಬರೆಯುತ್ತಿದ್ದ ನೆರೆಮನೆಯವರು ದೂರದ ಟಿಟ್ವಾಳಾದಲ್ಲಿ ಫ್ಲ್ಯಾಟ್ ಕೊಂಡು ಹೋದ ಮೇಲೆ ಅವರ ಆಯುಷ್ಯವೆಲ್ಲ ರೈಲಿನಲ್ಲೇ ಕಳೆಯುತ್ತಿತ್ತು. ಅಕ್ಕ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋದವಳಲ್ಲ. ಈ ಸಲ ಹೊರಟಳು.

“ನನ್ನ ತಮ್ಮ ಎಷ್ಟೋ ವರ್ಷಕ್ಕ ಬಂದಾನ. ಅವನ್ನ ಕೆಸರಾಗ ಉಪವಾಸ ಕೂಡಸ್ತೀರೇನು?”

“ಕಮಲಾ, ಅಲ್ಲಿ ಕುಂಡ್ರಾಕ ಜಾಗಾ ಇಲ್ಲ.”

“ಚಾಪಿ ತರ್ತೀನಿ.”

ಮುಲುಂಡ್, ಯೋಜನೆಯಲ್ಲಿಲ್ಲದ ನಿಲ್ದಾಣ

ರವಿವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿದೆವು. ಅಕ್ಕ ಬುತ್ತಿ, ಚಾಪೆಯೊಂದಿಗೆ ಹೆಂಗಸರ ಡಬ್ಬಿಗೆ; ಭಾವ ದುರ್ಬೀನು ನಿಲ್ಲಿಸುವ ಮುಕ್ಕಾಲಿ ಹೊತ್ತು ನನ್ನ ಮುಂದೆ. ರವಿವಾರ ಗದ್ದಲ ಇರುವುದಿಲ್ಲ ಎಂದು ಭಾವ ಹೇಳಿದ್ದರು. ಅದು ಡೊಂಬಿವಲಿಯ ಅಳತೆ. ನಮ್ಮೂರಲ್ಲಿ ಅಷ್ಟು ಜನ ಒಂದೆಡೆ ಸೇರಿದರೆ ಮಂತ್ರಿ ಬಂದಿದ್ದಾರೆ ಎಂದೇ ಅರ್ಥ.

ಠಾಣೆ ಬಂತು. ಭಾವ ಮುಕ್ಕಾಲಿಯನ್ನು ಈಟಿಯ ಹಾಗೆ ಹಿಡಿದು ಇಳಿದುಬಿಟ್ಟರು. ಅವರು ಮಾಡಿದ ದಾರಿ ನೀರಿನಲ್ಲಿ ಗೆರೆ ಎಳೆದಷ್ಟೇ ಹೊತ್ತು ಉಳಿಯಿತು. ನಾನು “ಇಳೀಬೇಕು, ಇಳೀಬೇಕು” ಎಂದು ಶುದ್ಧ ಕನ್ನಡದಲ್ಲಿ ಘೋಷಿಸಿದೆ. ಒಂದು ಕಾಲು ಬಾಗಿಲ ಕಡೆ ಹೋಯಿತು, ಉಳಿದ ನಾನು ಒಳಕ್ಕೆ ಹೋದೆ. ಗಾಡಿ ಹೊರಟಿತು.

“ಸಾಹೇಬ್ರ, ಕನ್ನಡದೋರೇನ್ರೀ?” ಮೇಲಿನ ಹಿಡಿಕೆಗೆ ನೇತುಬಿದ್ದ ಒಬ್ಬ ಕೇಳಿದ. ಅಫಜಲಪುರದ ಕಡೆಯವನಂತೆ, ಕಟ್ಟಡದ ಕೆಲಸ.

“ಹೌದಪ್ಪಾ. ಠಾಣೇಕ ಇಳೀಬೇಕಿತ್ತು.”

“ಠಾಣೇಕ ಇಳಿಯೋರು ದಿವಾಕ ಎದ್ದು ನಿಲ್ಲಬೇಕ್ರಿ. ಕಲ್ಯಾಣದಾಗ ಮನಸು ಮಾಡಬೇಕು, ದಿವಾದಾಗ ಏಳಬೇಕು, ಠಾಣೇದಾಗ ದೇವರ ನೆನೀಬೇಕು.” ಸುತ್ತಲಿನವರಿಗೂ ಅದನ್ನು ಹಿಂದಿಯಲ್ಲಿ ಹೇಳಿದ, ಎಲ್ಲರೂ ತಲೆಯಾಡಿಸಿದರು. “ಮುಂದ ಮುಲುಂಡ. ಇಳಿದು ಹೊಳ್ಳಿ ಹೋಗ್ರಿ. ಚಿಂತಿ ಬ್ಯಾಡ, ಇಳಸ್ತೀವಿ.”

ಇಳಿಸಿದರು. ಅದು ಸಕರ್ಮಕ ಕ್ರಿಯಾಪದ ಎಂಬುದು ನನ್ನ ಭುಜಕ್ಕೆ ಇನ್ನೂ ನೆನಪಿದೆ.

ಕೋಪರಿ, ಇಳಿತ

ಠಾಣೆಗೆ ಮರಳಿ ಬಂದಾಗ ಅಕ್ಕ ಸ್ಟೇಷನ್ನಿನ ಪೂರ್ವಕ್ಕೆ ಕೈಚೀಲದ ಮೇಲೆ ಕೂತಿದ್ದಳು, ಭಾವ ಅವಳ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರು. ಕೋಪರಿಯ ಹಳೆಯ ಗಲ್ಲಿಗಳಲ್ಲಿ ರಿಕ್ಷಾ ಸಾಗಿ, ಮನೆಗಳು ಮುಗಿದು, ರಸ್ತೆ ಮುಗಿದು, ಕಾಂಡ್ಲಾ ಗಿಡಗಳ ನಡುವಿನ ಕಾಲುದಾರಿಯೂ ಮುಗಿದು, ಒಂದು ಮಣ್ಣಿನ ಬದು ಸಿಕ್ಕಿತು. ಬದುವಿನ ಈಚೆ ಪಾಳುಬಿದ್ದ ಉಪ್ಪಿನ ಪಾತಿ. ಆಚೆ ಖಾಡಿ. ನೀರು ಇಳಿದಿತ್ತು. ಕಣ್ಣು ಹರಿದಷ್ಟು ಕೆಸರು, ಕೆಸರಿನ ತುಂಬ ಹಕ್ಕಿ.

ನಮ್ಮ ಬಾಗಲಕೋಟೆಯಲ್ಲಿ ಅಣೆಕಟ್ಟಿನ ಹಿನ್ನೀರಿಗೂ ಹೀಗೆ ಹಕ್ಕಿ ಬರುತ್ತವೆ. ನಾವು “ಬಂದಾವ” ಎಂದು ಹೇಳಿ ಚಹ ಕುಡಿಯುತ್ತೇವೆ. ಅವನ್ನು ಎಣಿಸಬೇಕು ಎಂದು ಯಾರಿಗೂ ತೋಚಿಲ್ಲ. ಮುಳುಗಿದ ಮನೆಗಳನ್ನು ಎಣಿಸುವುದರಲ್ಲೇ ನಮ್ಮ ಉತ್ಸಾಹವೆಲ್ಲ ತೀರಿತ್ತು.

ಭಾವ ಪರಿಚಯ ಮಾಡಿಕೊಟ್ಟರು. ಚರಂಡಿ ದಾಟುವಾಗ ಪಾಯಜಾಮ ಎತ್ತಿ ಹಿಡಿದವರ ಹಾಗೆ ನಡೆಯುವುದು ಮೆಟ್ಟುಗಾಲು ಹಕ್ಕಿ. ಉದ್ದನೆಯ ಕೊಕ್ಕನ್ನು ಹೊಲಿಗೆ ಯಂತ್ರದಂತೆ ಕೆಸರಿಗೆ ಚುಚ್ಚುತ್ತಿರುವುದು ಗಾಡ್‌ವಿಟ್, ಕನ್ನಡದಲ್ಲಿ ಹಿನ್ನೀರುಗೊರವ. ಪಾಯಸದ ಬಟ್ಟಲಿಗೆ ಮುಖವನ್ನೇ ಇಟ್ಟವರಂತೆ ಸಾಗುವುದು ಸಲಿಕೆ ಕೊಕ್ಕಿನ ಬಾತು. ಇನ್ನು ರಾಜಹಂಸ: ಅಷ್ಟು ರಾಜಠೀವಿಯ ಪ್ರಾಣಿ ತಲೆಯನ್ನು ತಿರುಗುಮುರುಗು ಮಾಡಿ ಉಣ್ಣುತ್ತದೆ. ದೊಡ್ಡವರ ಮನೆಯ ಊಟದ ರೀತಿ ಹತ್ತಿರದಿಂದ ನೋಡಬಾರದು.

ನಾನು ಇನ್ನಷ್ಟು ಹತ್ತಿರದಿಂದ ನೋಡಲು ಬದು ಇಳಿದೆ. ಕೆಸರು ಮೊಣಕಾಲಿನವರೆಗೆ ಬಂತು. ಭಾವ ಮುಕ್ಕಾಲಿಯ ಒಂದು ಕಾಲು ಚಾಚಿ ನನ್ನನ್ನು ಎಳೆದರು. ಎಡಗಾಲಿನ ಚಪ್ಪಲಿ ಖಾಡಿಗೆ ಸಂದಿತು.

ಭಾವ ಮುಕ್ಕಾಲಿಯ ಮೇಲೆ ದೊಡ್ಡ ದುರ್ಬೀನು ನಿಲ್ಲಿಸಿದರು; ಕೊರಳಿನ ಸಣ್ಣದರಲ್ಲಿ ಅಷ್ಟು ದೂರದ ಹಕ್ಕಿ ಎಣಿಕೆಗೆ ಸಿಗುವುದಿಲ್ಲ. ನಾನು ಹಾಳೆ ಹಿಡಿದೆ. ಅಕ್ಕ ಚಾಪೆ ಹಾಸಿ ಕೂತು ಸ್ವಲ್ಪ ಹೊತ್ತು ನೋಡಿದಳು.

“ಏನ್ರೀ, ಅವು ಬಗ್ಗಿ ಏನ್ ಮಾಡಾಕತ್ತಾವ?”

“ಉಣ್ಣಾಕತ್ತಾವ.”

“ಅಷ್ಟೂನೂ?”

“ಅಷ್ಟೂನೂ. ಅವಕ್ಕ ಅದ ಉದ್ಯೋಗ.”

“ನೀವೇನ್ ಮಾಡಾಕತ್ತೀರಿ?”

“ಎಣಿಸಾಕತ್ತೀನಿ. ಮಾತಾಡ್ಸಬ್ಯಾಡ.”

ಅಕ್ಕ ಎದ್ದು ಬಂದಳು. ದುರ್ಬೀನಿನ ಮುಚ್ಚಳ ಮುಕ್ಕಾಲಿಗೆ ತೂಗುಬಿದ್ದಿತ್ತು. ಅದನ್ನು ತೆಗೆದು ಗಾಜಿಗೆ ಮುಚ್ಚಿ, ಕೈ ಇಟ್ಟು ನಿಂತಳು.

“ಉಣ್ಣೋರನ್ನ ಎಣಸ್ತೀರಿ?”

“ಅವು ಹಕ್ಕಿ, ಕಮಲಾ! ಮಂದಿ ಅಲ್ಲ!”

“ಹಕ್ಕಿಗೆ ಹೊಟ್ಟಿ ಇಲ್ಲೇನು? ಎಲ್ಲಿಂದ ಬಂದಾವ ಅಂದ್ರಿ?”

“ಸೈಬೀರಿಯಾ.”

“ಅಷ್ಟ ದೂರದಿಂದ ಬಂದೋರು ಒಂದ ತುತ್ತು ಉಣ್ಣಾಕತ್ತಾರ. ಅವರ ಮುಂದ ನಿಂತು ಒಂದು, ಎರಡು, ಮೂರು! ನಿಮ್ಮ ತಾಟಿನ್ಯಾಗಿನ ರೊಟ್ಟಿ ನಾ ಎಂದರ ಎಣಿಸೀನೇನು?”

“ಎಣಿಸಿದ್ರ ಛಲೋ ಇತ್ತು. ಶುಗರ್ ಬರ್ತಿದ್ದಿಲ್ಲ.”

ಅವರಿಬ್ಬರೂ ನನ್ನ ಕಡೆ ನೋಡಿದರು. ತವರಿನ ಪ್ರತಿನಿಧಿಯಾಗಿ ನಾನು ಸುಳ್ಳು ಹೇಳುವಂತಿರಲಿಲ್ಲ. ನಮ್ಮ ಮನೆಯ ಶಾಸ್ತ್ರ ಇರುವುದೇ ಹಾಗೆ. ಅಕ್ಕಿ ಹಾಕುವ ಮುಂಚೆ ಜನ ಎಣಿಸಬಹುದು. ಪಂಕ್ತಿ ಎದ್ದ ಮೇಲೆ ಎಲೆ ಎಣಿಸಬಹುದು. ನಡುವೆ ಎಣಿಸಿದರೆ ಉಂಡವರ ಮೈಗೆ ಹತ್ತುವುದಿಲ್ಲ. ನಮ್ಮ ಅಜ್ಜಿ ಮದುವೆಮನೆಯಲ್ಲಿ ಹೀಗೆ ಎಣಿಸಿದ ಬೀಗರೊಬ್ಬರನ್ನು ಸೌಟು ಹಿಡಿದು ಹೊರಗೆ ನಡೆಸಿದ್ದಳು.

“ಅಕ್ಕ ಹೇಳೋದು ಖರೇ ಐತಿ ಭಾವಾ,” ಎಂದೆ.

“ನಿನ್ನ ಕರಿಸಿದ್ದು ಬರೀಲಿಕ್ಕ!”

ಭಾವ ಬದುವಿನ ತುದಿಯವರೆಗೆ ಹೋದರು, ಬಂದರು. ಆ ಕಡೆ ಐದನೇ ವಿಭಾಗದ ಬದುವಿನಿಂದ ಶೆಟ್ಟರ ಧ್ವನಿ ಗಾಳಿಯಲ್ಲಿ ತೇಲಿ ಬರುತ್ತಿತ್ತು. ನಮ್ಮ ಆರನೆಯದನ್ನೇ ತುಳುವಿನಲ್ಲಿ ಎಣಿಸುತ್ತಿದ್ದರು: ಒಂಜಿ, ರಡ್ಡ್, ಮೂಜಿ. ಪ್ರತಿ ಸಂಖ್ಯೆಗೂ ಭಾವನ ಮುಖ ಒಂದೊಂದು ಬಣ್ಣ ಕಳೆದುಕೊಳ್ಳುತ್ತಿತ್ತು. ಅಕ್ಕ ಮುಚ್ಚಳದ ಮೇಲಿನ ಕೈ ತೆಗೆಯಲಿಲ್ಲ.

ಸುಮಾರು ಹೊತ್ತಾದ ಮೇಲೆ ಶೆಟ್ಟರೇ ಥರ್ಮಾಸು ಹಿಡಿದು ನಮ್ಮ ಬದುವಿಗೆ ಬಂದರು.

“ಎಂತ ರಾಯ್ರೇ, ದುರ್ಬೀನಿಗೆ ಟೊಪ್ಪಿ ಹಾಕಿದ್ದೀರಿ! ಚಳಿ ಉಂಟಾ ಅದಕ್ಕೆ?”

“ಊಟ ನಡದೈತ್ರಿ,” ಎಂದಳು ಅಕ್ಕ.

ಶೆಟ್ಟರು ನಮ್ಮ ಮುಚ್ಚಿದ ಬುತ್ತಿ ನೋಡಿದರು, ಅರ್ಥವಾಗಲಿಲ್ಲ. “ನಂದು ಮುಗೀತು ಮಾರಾಯ್ರೆ. ಎರಡು ಸಾವಿರದ ಒಂಬೈನೂರು. ಹೋದ ವರ್ಷ ನಾನು ಕಮ್ಮಿ ಹೇಳಿದ್ನೋ ಏನೋ. ನಿಮ್ಮದೆಷ್ಟು?”

ಶೆಟ್ಟರು ಚಹ ಕೊಟ್ಟು ಹೋದ ಮೇಲೆ ಭಾವ ನನ್ನ ತೋಳು ಹಿಡಿದರು.

“ಕೇಳಿದ್ಯಾ? ಅವನ ಬಾಯಿಂದನ ಬಂತು! ಹೋದ ವರ್ಷ ನಾ ಅಂದ ಮೂರು ಸಾವಿರ ಖರೇ ಇತ್ತು!”

ಕೋಪರಿ, ಭರತಿ

ಬೇರೆ ಉಪಾಯವಿಲ್ಲದೆ ನಾವೂ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಮೊಸರು. ಭಾವ ಖಾಡಿಗೆ ಬೆನ್ನು ಮಾಡಿ, ಮುನಿಸಿಕೊಂಡು ನಾಲ್ಕು ರೊಟ್ಟಿ ತಿಂದರು. ಎಣಿಸಿದ್ದು ನಾನು, ಅಕ್ಕನಿಗೆ ಹೇಳಿಲ್ಲ.

ನಾವು ಉಣ್ಣುವಷ್ಟರಲ್ಲಿ ಭರತಿಯ ನೀರು ಸದ್ದಿಲ್ಲದೆ ಏರಿತ್ತು. ಕೆಸರು ಗೇಣು ಗೇಣಾಗಿ ಮುಳುಗುತ್ತ ಬಂತು. ಹಕ್ಕಿಗಳು ಮೊದಲು ಹಿಂದೆ ಹಿಂದೆ ಸರಿದವು, ಆಮೇಲೆ ತಂಡತಂಡವಾಗಿ ಎದ್ದು ನಮ್ಮ ತಲೆಯ ಮೇಲಿನಿಂದ ಹಾರಿ, ಬದುವಿನ ಈಚೆಯ ಉಪ್ಪಿನ ಪಾತಿಗೆ ಇಳಿದವು. ಅಲ್ಲಿ ಉಣ್ಣಲು ಏನೂ ಇರಲಿಲ್ಲ. ಸಾಲುಸಾಲಾಗಿ ನಿಂತವು. ಒಂದು ಕಾಲು ಮಡಿಚಿದವು, ಕೊಕ್ಕನ್ನು ಬೆನ್ನಿನ ಗರಿಯಲ್ಲಿ ತೂರಿಸಿದವು. ಮದುವೆಯೂಟ ಮುಗಿಸಿ ಮಂಟಪದ ಗೋಡೆಗೆ ಒರಗಿದ ಬೀಗರ ಸಾಲು ನೋಡಿದಂತಾಯಿತು.

ಅಕ್ಕ ಕೈ ತೊಳೆದು ಎದ್ದು ಮುಚ್ಚಳ ತೆಗೆದಳು.

“ಆತು. ಈಗ ಎಲೆ ಎತ್ತಿದಂಗ. ಎಣಸ್ರಿ.”

ಭಾವ ಹಾರಿ ಎದ್ದರು. ಪಂಕ್ತಿಯ ಲೆಕ್ಕದಲ್ಲೇ ಹೊರಟರು: ಮುಂದಿನ ಸಾಲು ಗೊರವಗಳದು, ಹಿಂದಿನದು ರಾಜಹಂಸಗಳದು, ಬಲಗಡೆ ನೀರಿದ್ದಲ್ಲಿ ಬಾತುಗಳದು. ಹತ್ತು ಹತ್ತಾಗಿ ಹೇಳುತ್ತ ಹೋದರು, ನಾನು ಗೀಟು ಹಾಕುತ್ತ ಹೋದೆ. ಮುಕ್ಕಾಲು ಪಾಲು ಮುಗಿದಿತ್ತು. ಆಗ ಒಂದು ಗಿಡುಗ ಎತ್ತಲಿಂದಲೋ ಬಂದು ಪಾತಿಯ ಮೇಲೆ ತಗ್ಗಿನಲ್ಲಿ ತೇಲಿತು. ಅಷ್ಟೂ ಹಕ್ಕಿ ಒಮ್ಮೆಲೇ ಎದ್ದವು. ಆಕಾಶ ಗಿರಕಿ ಹೊಡೆಯಿತು. ಮತ್ತೆ ಇಳಿದಾಗ ಗೊರವಗಳ ಜಾಗದಲ್ಲಿ ಬಾತು, ಬಾತಿನ ಜಾಗದಲ್ಲಿ ರಾಜಹಂಸ.

“ಉಳಿದದ್ದು ಅಂದಾಜು ಹಾಕ್ರಿ ಭಾವಾ,” ಎಂದೆ. “ಶೆಟ್ಟರ ಲೆಕ್ಕ ಹೆಂಗೂ ಗೊತ್ತೈತಿ. ಅದರ ಆಜೂಬಾಜೂ ಬರದ್ರಾತು. ಇಬ್ಬರದೂ ಹೊಂದತೈತಿ.”

ಇತಿಹಾಸ ಬರೆಯುವುದೇ ಹೀಗೆ ಎಂದು ಸೇರಿಸಲಿದ್ದೆ. ಭಾವ ನನ್ನ ಮುಖವನ್ನೇ ನೋಡಿದರು.

“ಹೊಸಾ ಹಾಳಿ ತಗೋ,” ಎಂದರು.

ಮೊದಲಿನಿಂದ ಎಣಿಸಿದರು. ಬಿಸಿಲಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಂಡರೆ ಸಾಲು ತಪ್ಪುತ್ತದೆಂದು ಒರೆಸಲಿಲ್ಲ. ಅಕ್ಕ ಪಕ್ಕದಲ್ಲಿ ನಿಂತು ಸೆರಗಿನಿಂದ ಆಗಾಗ ಒತ್ತಿದಳು. ಕೊನೆಗೆ ನಾನು ಕೂಡಿಸಿ ಹೇಳಿದೆ: ಸಾವಿರದ ನಾನೂರ ಅರವತ್ತು.

ಭಾವ ನನ್ನ ಕೈಯಿಂದ ಹಾಳೆ ಇಸಿದುಕೊಂಡು ಗೀಟುಗಳನ್ನು ತಾವೇ ಮತ್ತೊಮ್ಮೆ ಕೂಡಿಸಿದರು.

“ಒಂದು ಹಾಳಿ ಎಲ್ಲ್ಯರ ಬಿತ್ತೇನು ನೋಡು.”

“ಇಲ್ಲ ಭಾವಾ.”

“ಇದನ್ನ ಕೊಟ್ರ, ಹೋದ ವರ್ಷ ನಾ ಸುಳ್ಳ ಬರೆಸಿದೆ ಅಂತ ನಾನ ಸಹಿ ಹಾಕಿದಂಗ. ಈ ವರ್ಷ ಶೆಟ್ಟಿ ಮುಂದ ಹೋದಂಗ. ಎರಡೂ ಕಡೆ ನಾನ ಹೋದೆ.”

ಅಕ್ಕ ಚಾಪೆ ಸುತ್ತುತ್ತಿದ್ದಳು. “ಎಷ್ಟ ಅದಾವ ಅಷ್ಟ ಹೇಳ್ರಿ,” ಎಂದಳು. “ಬಾಲ್ಕನ್ಯಾಗ ಕುಂತ್ರ ಕುಂಡ್ರೋಣು. ನಾನೂ ಬರ್ತೀನಿ.”

ಐರೋಳಿ

ಲೆಕ್ಕ ಒಪ್ಪಿಸುವುದು ಖಾಡಿಯ ಆಚೆ ದಡದ ಐರೋಳಿಯಲ್ಲಿ. ಠಾಣೆಯಿಂದ ಇನ್ನೊಂದು ಲೋಕಲ್ ಹಿಡಿದು ಹೋದೆವು. ಈ ಸಲ ನಾನು ಹತ್ತಿದ ಕ್ಷಣದಿಂದ ಬಾಗಿಲಲ್ಲೇ ನಿಂತಿದ್ದೆ. ನವಿ ಮುಂಬಯಿ ನೋಡಿದರೆ ನಮ್ಮ ಬಾಗಲಕೋಟೆಯ ನವನಗರದ ದೊಡ್ಡಪ್ಪನಂತಿದೆ. ಇಲ್ಲಿಯೂ ಓಣಿಗೆ ಹೆಸರಿಲ್ಲ, ಸೆಕ್ಟರ್ ನಂಬರು. ದಾರಿ ಕೇಳಿದರೆ ಎಲ್ಲರೂ ನಂಬರು ಹೇಳುತ್ತಾರೆ, ಯಾರಿಗೂ ದಾರಿ ಗೊತ್ತಿಲ್ಲ. ಒಂದೇ ಕಾಲಿಗೆ ಚಪ್ಪಲಿ ಇದ್ದ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಅದೊಂದು ಸೌಜನ್ಯ ಈ ದೇಶದಲ್ಲಿದೆ.

ಒಂದು ಹೌಸಿಂಗ್ ಸೊಸೈಟಿಯ ಸಭಾಗೃಹದಲ್ಲಿ ಎಲ್ಲ ವಿಭಾಗದವರೂ ವಡಾಪಾವ್ ತಿನ್ನುತ್ತ ಕೂತಿದ್ದರು. ಮೃಣಾಲ್ ಲ್ಯಾಪ್‌ಟಾಪ್ ತೆರೆದುಕೊಂಡು ಒಂದೊಂದೇ ಸಂಖ್ಯೆ ಕೂಗಿ ಕೇಳುತ್ತಿದ್ದಳು. ಆರನೆಯದು ಬಂತು. ಶೆಟ್ಟರು ಎರಡು ಸಾವಿರದ ಒಂಬೈನೂರು ಎಂದರು. ಭಾವ ಎದ್ದು ನಿಂತು, ಸ್ಟೋರ್ಸಿನಲ್ಲಿ ಮಾಲು ಕಡಿಮೆ ಬಿದ್ದದ್ದನ್ನು ಒಪ್ಪಿಕೊಳ್ಳುವ ಧ್ವನಿಯಲ್ಲಿ ತಮ್ಮದನ್ನು ಹೇಳಿದರು.

“ಕ್ಯಾ ಕಾಕಾ, ಇಸ್ ಸಾಲ್ ಡಿಸ್ಕೌಂಟ್?” ಹಿಂದಿನಿಂದ ಯಾರೋ ಎಂದರು. ನಗೆ ಎದ್ದಿತು.

“ಇದ್ದದ್ದು ಇಷ್ಟೇ,” ಎಂದರು ಭಾವ ಮರಾಠಿಯಲ್ಲಿ. “ಹೋದ ವರ್ಷದ್ದು ನನ್ನದು ತಪ್ಪಿರಬೇಕು. ಬರೆದುಕೊಳ್ಳಿ.”

ಮೃಣಾಲ್ ನಗಲಿಲ್ಲ. “ಕಾಕಾ, ಎಷ್ಟು ಹೊತ್ತಿಗೆ ಎಣಿಸಿದಿರಿ?”

“ಊಟ ಆದ ಮೇಲೆ.”

“ಯಾರ ಊಟ?”

“ಅವರದೂ, ನಮ್ದೂ,” ಎಂದಳು ಅಕ್ಕ. ಕನ್ನಡದಲ್ಲೇ ಹೇಳಿದಳು, ಭಾವ ಮರಾಠಿ ಮಾಡಿದರು.

ಮೃಣಾಲ್ ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದಳು. ಭರತಿಯ ಹೊತ್ತಿಗೆ ಎದುರು ಬದುವಿನಿಂದ ಆಕೆಯೇ ತೆಗೆದ ಉಪ್ಪಿನ ಪಾತಿಯ ಫೋಟೊ. ಒಂದೊಂದು ಹಕ್ಕಿಯ ಮೇಲೂ ಕೆಂಪು ಚುಕ್ಕೆ ಇಟ್ಟಿದ್ದಳು. ಚುಕ್ಕೆಗಳು ಸಾವಿರದ ನಾನೂರ ಎಂಬತ್ತೆರಡು. ನೀರು ಇಳಿದಾಗ ಹಕ್ಕಿಗಳು ಉಣ್ಣುತ್ತ ಅಲೆಯುತ್ತವೆ, ಎಣಿಸಿದ ಹಕ್ಕಿಯೇ ಮುಂದೆ ಹೋಗಿ ಮತ್ತೆ ಎಣಿಕೆಗೆ ಸಿಗುತ್ತದೆ, ಇಲ್ಲವೇ ಎಣಿಸುವ ಮುಂಚೆಯೇ ಹೋಗಿಬಿಡುತ್ತದೆ, ಅದಕ್ಕೇ ಭರತಿಗೆ ಒಂದೆಡೆ ಸೇರಿ ನಿಂತಾಗ ಎಣಿಸಿ ಎಂದು ಎಲ್ಲರಿಗೂ ಎರಡು ವಾರದ ಮುಂಚೆಯೇ ವಾಟ್ಸಾಪ್ ಕಳಿಸಿದ್ದೆ ಎಂದಳು. ಇಂಗ್ಲಿಷಿನಲ್ಲಿ, ಉದ್ದಕ್ಕೆ. ಅದಕ್ಕೆ ಉತ್ತರವಾಗಿ ಭಾವ ಕೈಮುಗಿದ ಚಿತ್ರ ಕಳಿಸಿದ್ದರು, ಶೆಟ್ಟರು ಗುಲಾಬಿ ಹೂವಿನ ಗುಡ್ ಮಾರ್ನಿಂಗ್.

“ಹೌದಾ?” ಎಂದರು ಶೆಟ್ಟರು. “ಹಾಗಾದ್ರೆ ಒಂದೇ ಗಿರಾಕಿ ಎರಡು ಸರ್ತಿ ಬಂದದ್ದಾ? ಹೋಟೆಲಿನಲ್ಲಾದ್ರೆ ಎರಡು ಬಿಲ್ಲು ಆಗ್ತಿತ್ತು ಮಾರಾಯ್ರೆ.” ಎದ್ದು ಬಂದು ಭಾವನ ಕೈಗೆ ಒಂದು ವಡಾಪಾವ್ ಇಟ್ಟರು. ಭಾವ ಅದನ್ನು ತಿನ್ನದೆ, ಫೋಟೊದಲ್ಲಿ ತಾವು ಬಿಟ್ಟ ಇಪ್ಪತ್ತೆರಡು ಹಕ್ಕಿ ಯಾವುವು ಎಂದು ಹುಡುಕುತ್ತ ನಿಂತರು.

ಆರನೇ ವಿಭಾಗ ಹಣಮಂತರಾಯರ ಹೆಸರಿನಲ್ಲೇ ಉಳಿಯಿತು. ಹೋದ ವರ್ಷ ಇಳಿತದಲ್ಲಿ ಎಣಿಸಿದ ಅವರ ಮೂರು ಸಾವಿರವನ್ನೂ ಶೆಟ್ಟರ ಒಂದೂವರೆ ಸಾವಿರವನ್ನೂ ಲೆಕ್ಕದಿಂದ ತೆಗೆದುಹಾಕಲಾಯಿತು.